ರಾಜಭವನಕ್ಕೆ ಹೋದ ಗ್ರಾಸಿಂ ಕಾರ್ಮಿಕ

ಥಾವರ್‌ಚಂದ್ ಗೆಹ್ಲೋಟ್ 2021ರ ಜುಲೈ 11ರಂದು ಕರ್ನಾಟಕದ ರಾಜ್ಯಪಾಲರಾಗಿ ಪ್ರಮಾಣ ವಚನ ತಗೊಂಡಾಗ 'ನೋಡ್ರಿ, ದಲಿತನೊಬ್ಬ ರಾಜಭವನಕ್ಕೆ ಬಂದ' ಅಂತ ಹಿಗ್ಗಿದವರು ನಮ್ಮಲ್ಲೂ ಇದ್ದರು. ಹಿಗ್ಗಲಿ. ದೊರೆಗಳ ಬಂಗಲೆಗೆ ನಮ್ಮವನೊಬ್ಬ ಕಾಲಿಟ್ಟರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಬಾಗಿಲು ತೆರೆದವರು ಯಾರು, ಒಳಗೆ ಹೋದವನ ಕೈಲಿ ಏನೇನು ಬರೆಸಿದರು ಅಂತ ಕೇಳದೆ ಹಾರ ಹಾಕುವ ಚಟ ನಮಗೆ ಬೇಡ.

ಈ ಮನುಷ್ಯನ ಬದುಕಿಗೂ ನಮ್ಮ ಹರಿಹರಕ್ಕೂ ಒಂದು ನಂಟಿದೆ. 1948ರಲ್ಲಿ ಉಜ್ಜಯಿನಿ ಜಿಲ್ಲೆಯ ರೂಪೇಟಾ ಹಳ್ಳಿಯಲ್ಲಿ ಹುಟ್ಟಿದ ಗೆಹ್ಲೋಟ್, ನಾಗದಾದ ಬಿರ್ಲಾ ಒಡೆತನದ ಗ್ರಾಸಿಂ ಕಾರ್ಖಾನೆಯಲ್ಲಿ ದುಡಿದವರು, ಕಾರ್ಮಿಕ ಸಂಘದಲ್ಲಿ ಓಡಾಡಿದವರು. ಅದೇ ಗ್ರಾಸಿಂ ನಮ್ಮ ಹೊಳೆಯಾಚೆ ಕುಮಾರಪಟ್ಟಣದಲ್ಲೂ ಹೊಗೆ ಉಗುಳಿತು. ಅಲ್ಲಿ ಚಂಬಲ್, ಇಲ್ಲಿ ತುಂಗಭದ್ರೆ. ಹೊಳೆ ಕೆಟ್ಟಿತು, ಮೀನು ಸತ್ತವು, ಕೆಳಗಿನ ಹಳ್ಳಿಗಳ ಬೆಸ್ತರ ಬಲೆ ಒಣಗಿತು. ಸಾಲದ್ದಕ್ಕೆ 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಪಾಲುದಾರಿಕೆ ಮಾಡಿ, ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿಸಿ, ಸುಮಾರು 75,000 ಎಕರೆ ಸಾಮುದಾಯಿಕ ಭೂಮಿಯನ್ನು ನೀಲಗಿರಿಗೆ ಬರೆದುಕೊಡಲು ಹೊರಟಿತು. ಬಡವರ ದನ ಮೇಯುವ ಜಾಗ, ಬಡವರ ಸೌದೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕೊನೆಗೆ ಆ ಕಂಪನಿಯನ್ನು ಮುಚ್ಚಲೇಬೇಕಾಯಿತು. ಅರ್ಜಿ ಹಿಡಿದು ಬಾಗಿಲು ಕಾಯ್ದಿದ್ದರೆ ಮುಚ್ಚುತ್ತಿತ್ತಾ?

ನಾಗದಾದ ಕಾರ್ಮಿಕ ಹಿಡಿದ ದಾರಿ ಬೇರೆ. 1980ರಲ್ಲಿ ಶಾಸಕ, 1996ರಿಂದ 2009ರವರೆಗೆ ಶಾಜಾಪುರದ ಲೋಕಸಭಾ ಸದಸ್ಯ, 2012ರಿಂದ ರಾಜ್ಯಸಭೆ, 2014ರಿಂದ ಏಳು ವರ್ಷ ಕೇಂದ್ರದ ಸಾಮಾಜಿಕ ನ್ಯಾಯ ಸಚಿವ. ಖಾತೆಯ ಹೆಸರೇ ಸಾಮಾಜಿಕ ನ್ಯಾಯ! 2018ರಲ್ಲಿ ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯಿದೆಯ ಹಲ್ಲು ಕಿತ್ತಾಗ ಅದನ್ನು ಸರಿಪಡಿಸುವ ಮಸೂದೆ ತಂದವರು ಇವರೇ, ಒಪ್ಪೋಣ. ಆದರೆ ತರಿಸಿದ್ದು ಯಾರು? ಏಪ್ರಿಲ್ 2ರ ಭಾರತ ಬಂದ್‌ನಲ್ಲಿ ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದ ನಮ್ಮ ಹುಡುಗರು.

ಬೀದಿಯ ಒತ್ತಡ ಇಲ್ಲದಾಗ ಇದೇ ಕೈ ಏನು ಮಾಡಿತು? 2019ರ ಜನವರಿ 8ರಂದು ಶೇ. 10ರ ಮೀಸಲಾತಿ ತಿದ್ದುಪಡಿಯನ್ನು ಲೋಕಸಭೆಯಲ್ಲಿ ಮಂಡಿಸಿದ್ದು ಗೆಹ್ಲೋಟ್. ಅಂದೇ ಲೋಕಸಭೆ ಪಾಸು, ಮರುದಿನ ರಾಜ್ಯಸಭೆ ಪಾಸು. ವರ್ಷಕ್ಕೆ 8 ಲಕ್ಷದೊಳಗೆ ಆದಾಯವಿರುವ ಮೇಲ್ಜಾತಿಯವನು ಬಡವ. ಹರಿಹರ ತಾಲ್ಲೂಕಿನಲ್ಲಿ ಭತ್ತದ ಗದ್ದೆಗೆ ಕೂಲಿ ಹೋಗುವ ಮಾದಿಗರ ಹೆಣ್ಣುಮಗಳು ಆ ಲೆಕ್ಕದಲ್ಲಿ ಬಡವಳಲ್ಲ! 'ನಿಮಗೆ ಬೇರೆ ಮೀಸಲಾತಿ ಇದೆಯಲ್ಲ' ಅಂತಾರೆ. ಅದು ಅಸ್ಪೃಶ್ಯತೆಗೆ ಕೊಟ್ಟದ್ದು ಸ್ವಾಮಿ, ಬಡತನಕ್ಕಲ್ಲ. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟು 3-2ರಿಂದ ಇದನ್ನು ಎತ್ತಿಹಿಡಿದಾಗ, ಒಪ್ಪದ ಇಬ್ಬರು ನ್ಯಾಯಮೂರ್ತಿಗಳು ತಕರಾರು ಎತ್ತಿದ್ದು ಇದೇ ಹೊರಗಿಡುವಿಕೆಗೆ.

ಮಲಗುಂಡಿಗೆ ಇಳಿದು ಸತ್ತವರ ಲೆಕ್ಕವೂ ಆ ಖಾತೆಯದೇ. ಇವರು ಅದನ್ನು ಬಿಟ್ಟು ತಿಂಗಳಾಗುವ ಮೊದಲೇ, 2021ರ ಜುಲೈ 28ರಂದು, ಇವರ ಕೈಕೆಳಗೆ ರಾಜ್ಯ ಸಚಿವರಾಗಿದ್ದವರು ರಾಜ್ಯಸಭೆಯಲ್ಲಿ ಹೇಳಿದರು: ಮಲ ಹೊರುವ ಕೆಲಸದಿಂದ ಸತ್ತ ವರದಿ ಇಲ್ಲ. ಸತ್ತವರು ಇದ್ದಾರೆ, ಸಾವು ಮಾತ್ರ ಇಲ್ಲ!

ಇಲ್ಲಿ ಬಿ. ಬಸವಲಿಂಗಪ್ಪನವರ ನೆನಪಾಗುತ್ತೆ. ದೇವರಾಜ ಅರಸರ ಸಂಪುಟದಲ್ಲಿದ್ದು, ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು. 1973ರಲ್ಲಿ ಮೈಸೂರಿನಲ್ಲಿ 'ಬೂಸಾ' ಎಂದ ಒಂದು ಮಾತಿಗೆ ಮಂತ್ರಿಗಿರಿ ಹೋಯಿತು. ಮಾತಾಡಿದ ದಲಿತನಿಗೆ ಕುರ್ಚಿ ಹೋಗುತ್ತೆ, ಮಾತಾಡದವನಿಗೆ ರಾಜಭವನ ಸಿಗುತ್ತೆ. ಆ ಬೂಸಾ ಗಲಾಟೆಯ ಕಿಚ್ಚಿನಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಇದೇ ಹರಿಹರದಲ್ಲಿ 1938ರಲ್ಲಿ ಹುಟ್ಟಿದವರು, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಯಾವ ಭವನವೂ ಅವರನ್ನು ಕರೆಯಲಿಲ್ಲ.

ರಾಜ್ಯಪಾಲಗಿರಿ ಅಂದರೇನು ಅಂತ ಈ ನಾಡಿಗೆ ಗೊತ್ತು. 1989ರ ಏಪ್ರಿಲ್‌ನಲ್ಲಿ ಪಿ. ವೆಂಕಟಸುಬ್ಬಯ್ಯನವರ ವರದಿಯ ಮೇಲೆ, ಸದನದಲ್ಲಿ ಬಲ ತೋರಿಸಲೂ ಬಿಡದೆ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕಿತ್ತೆಸೆದರು. ಅದು ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ. 2024ರ ಆಗಸ್ಟ್‌ನಲ್ಲಿ ಗೆಹ್ಲೋಟ್ ಮುಡಾ ಪ್ರಕರಣದಲ್ಲಿ ಸಿದ್ದರಾಮಯ್ಯನವರ ವಿರುದ್ಧ ಅನುಮತಿ ಕೊಟ್ಟರು, ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಪತ್ರಿಕೆಗಳು ತಿಂಗಳುಗಟ್ಟಲೆ ಅದನ್ನೇ ಅಗಿದವು. ಅದು ದೊಡ್ಡವರ ಸೈಟಿನ ಜಗಳ, ಅವರೇ ಬಗೆಹರಿಸಿಕೊಳ್ಳಲಿ.

ನಮಗೆ ತಾಕಿದ್ದು 2025ರ ಏಪ್ರಿಲ್‌ನಲ್ಲಿ. ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ. 4 ಕೊಡುವ ಮಸೂದೆಯನ್ನು, ಧರ್ಮದ ಆಧಾರದ ಮೀಸಲಾತಿ ಅಂತ ಹೇಳಿ, ಗೆಹ್ಲೋಟ್ ರಾಷ್ಟ್ರಪತಿಗೆ ಸಾಗಹಾಕಿದರು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಕೆಮ್ಮುವವನು ಅವರಿಗೆ ಬರೀ ಧರ್ಮವಾಗಿ ಕಂಡ. ಅದಕ್ಕೆ ತಲೆದೂಗಿದ ನಮ್ಮ ಕೆಲವು ಹುಡುಗರು ಆ ಮಸೂದೆಯನ್ನು ಪೂರ್ತಿ ಓದಿರಲಿಲ್ಲ. ಪರಿಶಿಷ್ಟರ ಗುತ್ತಿಗೆ ಮೀಸಲಾತಿಯ ಮಿತಿಯನ್ನು 1 ಕೋಟಿಯಿಂದ 2 ಕೋಟಿಗೆ ಏರಿಸುವ ಸಾಲೂ ಅದೇ ಹಾಳೆಯಲ್ಲಿತ್ತು. ಸಾಬರನ್ನು ತಡೆಯಲು ಕಟ್ಟಿದ ಕಡತದೊಳಗೆ ನಮ್ಮ ಪಾಲೂ ದಿಲ್ಲಿಯ ಗಾಡಿ ಹತ್ತಿತು.