ಸೋಸಿದ ನೀರು, ಬಿಟ್ಟ ನೀರು

ಜೈನ ಶ್ರಾವಕರ ಮನೆಯ ಗುರುತುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುವುದು ವಿಧಿ. ಬೇರೆ ನೀರಿಗೆ ಬಿಡುವಂತಿಲ್ಲ; ಒಂದು ಜಲದ ಜೀವಿ ಇನ್ನೊಂದರಲ್ಲಿ ಬದುಕಲಾರದೇನೋ ಎಂಬ ಎಚ್ಚರ ಅದರ ಹಿಂದಿದೆ. ನೀರೇ ಅಪ್ಕಾಯಿಕ ಜೀವಗಳ ಶರೀರ. ಅದನ್ನು ಆಶ್ರಯಿಸಿದ ತ್ರಸಜೀವಿಗಳ ಲೆಕ್ಕ ಬೇರೆ.

ಅಂಥ ತ್ರಸಜೀವಿಯೊಂದನ್ನು ಕೆರೆಯ ದಂಡೆಯಲ್ಲಿ ಎಲ್ಲರೂ ಕಂಡಿದ್ದೇವೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಡ್ರ್ಯಾಗನ್‌ಫ್ಲೈ ಅದು. ಸೂಜಿಯಂತೆ ತೆಳ್ಳಗಿದ್ದು, ಕುಳಿತಾಗ ಸಾಮಾನ್ಯವಾಗಿ ರೆಕ್ಕೆ ಮಡಿಚಿಕೊಳ್ಳುವ ಡ್ಯಾಮ್ಸೆಲ್‌ಫ್ಲೈ ಅದರ ಬಂಧು. ಎರಡೂ ಸ್ಪರ್ಶನ, ರಸನ, ಘ್ರಾಣ, ಚಕ್ಷು ಎಂಬ ನಾಲ್ಕು ಇಂದ್ರಿಯಗಳುಳ್ಳ ಜೀವಿಗಳ ಗುಂಪಿಗೆ ಸೇರತಕ್ಕವು. ನಮಗೆ ಕಾಣುವ ಹಾರಾಟ ಅವುಗಳ ಬಾಳಿನ ಕೊನೆಯ ಘಟ್ಟ ಮಾತ್ರ. ಅದಕ್ಕೂ ಮುನ್ನ ಮರಿಹುಳುಗಳಾಗಿ, ಜಾತಿಗೆ ತಕ್ಕಂತೆ ಕೆಲವು ವಾರಗಳಿಂದ ಕೆಲವು ವರ್ಷಗಳವರೆಗೆ ನೀರಿನೊಳಗೇ ಇರುತ್ತವೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಸಿರಾಡುತ್ತವೆ. ಡ್ರ್ಯಾಗನ್‌ಫ್ಲೈ ಮರಿಯ ಕಿವಿರು ಹೊಟ್ಟೆಯ ತುದಿಯ ಒಳಗಿದೆ. ಡ್ಯಾಮ್ಸೆಲ್‌ಫ್ಲೈ ಮರಿಗೆ ಬಾಲದಲ್ಲಿ ಎಲೆಯಂಥ ಮೂರು ಕಿವಿರುಗಳು.

ಚರಂಡಿಯ ನೀರು ಕೆರೆ ಸೇರಿದೊಡನೆ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಹೆಚ್ಚಿ ಆ ಆಮ್ಲಜನಕವನ್ನು ಹೀರಿಬಿಡುತ್ತವೆ. ಹೊಲಗದ್ದೆಗಳ ಕೀಟನಾಶಕ ಹರಿದುಬಂದರೆ ಮರಿಗಳಿಗೂ ಅವುಗಳ ಆಹಾರಕ್ಕೂ ಒಟ್ಟಿಗೇ ಆಪತ್ತು. ಕೊಳಚೆಯನ್ನು ಸಹಿಸಬಲ್ಲ ಕೆಲವು ಜಾತಿಗಳಷ್ಟೇ ಉಳಿಯುತ್ತವೆ. ಬ್ರ್ಯಾಕಿಥೆಮಿಸ್ ಕಂಟ್ಯಾಮಿನೇಟ ಎಂಬ ಕಿತ್ತಳೆ ಬಣ್ಣದ ಕೀಟ ಅಂಥದು. ಆದ್ದರಿಂದ ಕೆರೆಯ ಮೇಲೆ ಎಷ್ಟು ಹಾರುತ್ತಿವೆ ಎಂಬುದಕ್ಕಿಂತ ಎಷ್ಟು ಬಗೆಯವು ಹಾರುತ್ತಿವೆ ಎಂದು ನೋಡಬೇಕು. 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಜಗತ್ತಿನ 6,016 ಜಾತಿಗಳನ್ನು ಪರಿಶೀಲಿಸಿ, ಶೇ 16ರಷ್ಟು ಅಳಿವಿನಂಚಿನಲ್ಲಿವೆ ಎಂದಿತು.

ಇವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ, ಆದ್ದರಿಂದ ಉಳಿಸೋಣ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಜಿನಧರ್ಮ ಜೀವದಯೆಗೆ ಲಾಭದ ಲೆಕ್ಕ ಕೇಳುವುದಿಲ್ಲ. ಸೊಳ್ಳೆಯ ಮರಿಯೂ ಅದಕ್ಕೆ ಜೀವವೇ.

ನನಗೆ ಕಾಡುವುದು ಬೇರೆ ಸಂಗತಿ. ಒಳಗೆ ಬರುವ ನೀರಿನ ಬಗ್ಗೆ ನಮಗಿರುವ ನಿಷ್ಠೆ ಹೊರಹೋಗುವ ನೀರಿನ ಬಗ್ಗೆ ಏಕಿಲ್ಲ? ಕರಗಿದ ವಿಷ ಯಾವ ಬಟ್ಟೆಯಲ್ಲೂ ನಿಲ್ಲದು. ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ: ಮಲಮೂತ್ರಾದಿಗಳನ್ನು ಜೀವಿಗಳಿಲ್ಲದ ಸ್ಥಳ ನೋಡಿ ವಿಸರ್ಜಿಸುವ ಎಚ್ಚರ. ಅದು ಮುನಿಗಳಿಗೆ ಹೇಳಿದ್ದು ಎಂದು ನಾವು ಪಾರಾಗುತ್ತೇವೆ. ಆದರೆ ಶ್ರಾವಕನು ತೊರೆಯಬೇಕಾದ ಹದಿನೈದು ಕ್ರೂರವೃತ್ತಿಗಳ ಪಟ್ಟಿಯಲ್ಲಿ ಕೆರೆ ಬತ್ತಿಸುವುದೂ ವಿಷದ ವ್ಯಾಪಾರವೂ ಇವೆಯಲ್ಲ! ಅಲ್ಲಿ ಜಾರಿಕೊಳ್ಳಲು ದಾರಿಯಿಲ್ಲ. ಬಚ್ಚಲಿನ ಸಾಬೂನುನೊರೆಯನ್ನು ರಾಜಕಾಲುವೆಗೆ ಬಿಡುವವನು ವಿಷ ಮಾರಿದವನಲ್ಲ, ನಿಜ. ಪ್ರಮಾದ ಮಾತ್ರ ಅವನದೇ.

ಮಳೆಗಾಲದಲ್ಲಿ ಜೀವರಾಶಿ ಹೆಚ್ಚುವುದೆಂದೇ ಮುನಿಗಳು ಚಾತುರ್ಮಾಸಕ್ಕೆ ಒಂದೆಡೆ ನೆಲೆಸುತ್ತಾರೆ. ಅವರ ದರ್ಶನಕ್ಕೆ ಬರುವ ನೂರಾರು ಜನರಿಗೆ ಅಡುಗೆಯಾಗುತ್ತದೆ, ಪಾತ್ರೆಗಳು ತೊಳೆಯಲ್ಪಡುತ್ತವೆ. ಆ ನೀರು ಯಾವ ಹಳ್ಳಕ್ಕೆ ಸೇರುತ್ತದೆ ಎಂದು ಬಸದಿಯ ಸಮಿತಿಯವರು ಈ ವರ್ಷ ಒಮ್ಮೆ ನಡೆದುಹೋಗಿ ನೋಡಿಬರಲಿ.