ಚಾಕಲೇಟು ಕೊಡದ ಮನೆ

ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಹದಿನೈದು ದಿನ ಇರುವಾಗಲೇ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮೆಸೇಜ್ ಬಂತು. ಸಂಜೆ ಆರಕ್ಕೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಬರುತ್ತಾರೆ, ಎಲ್ಲರೂ ಚಾಕಲೇಟು ತಂದಿಟ್ಟುಕೊಳ್ಳಿ ಅಂತ. ನನ್ನ ತಕರಾರು ಆ 'ಎಲ್ಲರೂ' ಅನ್ನುವ ಒಂದೇ ಪದದ ಮೇಲೆ. "ಈ ವರ್ಷ ನಮ್ಮ ಮನೆ ಬಿಟ್ಟುಬಿಡಿ" ಎಂದು ಬರೆದೆ. ಹತ್ತು ರೂಪಾಯಿ ಚಾಕಲೇಟಿಗೂ ಜಿಪುಣತನವೇ ಎಂದು ಒಬ್ಬರು ನಕ್ಕರು. ಇನ್ನೊಬ್ಬರು ನನ್ನನ್ನು ಸಂಸ್ಕೃತಿ ರಕ್ಷಕರ ಪಟ್ಟಿಗೆ ಸೇರಿಸಿದರು.

ಎರಡೂ ಅಲ್ಲ. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವ್ವ ಊರು ಬಿಟ್ಟು ನನ್ನ ಹತ್ತಿರ ಬಂದಿದ್ದಾಳೆ. ಅಸ್ಥಿಪಂಜರದ ಡ್ರೆಸ್ ಹಾಕಿದ ಮಗು ಬಾಗಿಲಲ್ಲಿ ನಿಂತರೆ ಅದು ಮಗುವಿಗೆ ಆಟ. ಅವ್ವನಿಗೆ ಈ ವರ್ಷ ಆಟವಲ್ಲ.

ಹಾಗೆ ನೋಡಿದರೆ ಮನೆಮನೆಗೆ ಬಂದು ಕೇಳುವುದು ನಮಗೇನೂ ಹೊಸದಲ್ಲ. ನಮ್ಮೂರು ಸವದತ್ತಿ ತಾಲ್ಲೂಕಿನ ಹೂಲಿ. ನಮ್ಮ ಕಡೆ ಗಣಪತಿ ಹಬ್ಬದ ಹಿಂದೆಯೇ ಜೋಕುಮಾರ ಬರುತ್ತಾನೆ. ಭಾದ್ರಪದ ಅಷ್ಟಮಿಯಿಂದ ಹುಣ್ಣಿಮೆವರೆಗೆ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ಸೊಪ್ಪು ಇಟ್ಟು, ಬಾಯಿಗೆ ಬೆಣ್ಣೆ ಸವರಿ, ಹೆಣ್ಣುಮಕ್ಕಳು ಹಾಡುತ್ತಾ ಮನೆಮನೆಗೆ ಹೊತ್ತು ತರುತ್ತಾರೆ. ಅವರಿಗೆ ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಆದರೆ ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಇಲ್ಲ. ಯಾಕೆ ಅಂತ ಯಾರಿಗೂ ವಿವರಿಸಬೇಕಿಲ್ಲ, ಇಡೀ ಓಣಿಗೆ ಗೊತ್ತಿರುತ್ತದೆ. ಹೋಳಿಗೆ ಮಾಡದ ಮನೆಗೆ ಪಕ್ಕದ ಮನೆಯವರೇ ಹೋಳಿಗೆ ತಂದುಕೊಡುತ್ತಾರೆ.

ಹ್ಯಾಲೋವೀನ್ ಜೋರಾಗಿ ನಡೆಯುವ ಅಮೆರಿಕದಲ್ಲೂ ಇಂಥದ್ದೊಂದು ರೂಢಿ ಇದೆ. ಮನೆ ಮುಂದಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು. ಇಲ್ಲದಿದ್ದರೆ ಮುಂದಿನ ಮನೆಗೆ ಹೋಗುತ್ತಾರೆ, ಅಷ್ಟೇ. ನಾವು ವೇಷ ತಂದೆವು, ಚಾಕಲೇಟು ತಂದೆವು, ಈ ದೀಪದ ಮರ್ಯಾದೆಯನ್ನು ಮಾತ್ರ ತರಲಿಲ್ಲ. ತಂದರೂ ಕಷ್ಟ, ನಮ್ಮ ಕಾರಿಡಾರಿನ ದೀಪದ ಸ್ವಿಚ್ ಅಸೋಸಿಯೇಷನ್ ಕೈಯಲ್ಲಿದೆ!

ಸಾಫ್ಟ್‌ವೇರ್‌ನವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು. ಫಾರ್ಮಿನಲ್ಲಿ ಮೊದಲೇ ಟಿಕ್ ಹಾಕಿಟ್ಟರೆ, ಬೇಡ ಅನ್ನುವವರು ಹುಡುಕಿ ಅದನ್ನು ತೆಗೆಯಬೇಕು. ಟಿಕ್ ಖಾಲಿ ಬಿಟ್ಟರೆ ಬೇಕಾದವರು ಹಾಕಿಕೊಳ್ಳುತ್ತಾರೆ. ಹಾಗಾಗಿ ಗ್ರೂಪಿನಲ್ಲಿ ಒಂದು ಸಲಹೆ ಕೊಟ್ಟಿದ್ದೇನೆ. ಚಾಕಲೇಟು ಕೊಡುವವರು ಬಾಗಿಲಿಗೆ ಕುಂಬಳಕಾಯಿ ಚಿತ್ರ ಅಂಟಿಸಲಿ, ಮಕ್ಕಳು ಆ ಮನೆಗಳ ಬೆಲ್ ಮಾತ್ರ ಒತ್ತಲಿ. ಚಿತ್ರ ಇಲ್ಲದ ಮನೆಯಲ್ಲಿ ಬಾಣಂತಿ ಇರಬಹುದು, ನೈಟ್ ಶಿಫ್ಟ್‌ನವರು ಮಲಗಿರಬಹುದು, ಸುಮ್ಮನೆ ಮನಸ್ಸಿಲ್ಲದೆಯೂ ಇರಬಹುದು. ಕಾರಣ ಅವರ ಹತ್ತಿರವೇ ಇರಲಿ. ತೆರೆಯದ ಬಾಗಿಲ ಮುಂದೆ ನಿಂತು ಮುಖ ಸಪ್ಪಗೆ ಮಾಡಿಕೊಳ್ಳುವುದು ಮಕ್ಕಳಿಗೂ ತಪ್ಪುತ್ತದೆ.

ಅವ್ವನಿಗೆ ಇದನ್ನೆಲ್ಲ ಹೇಳಿದೆ. "ಹುಡುಗರ ಮ್ಯಾಲೆ ನಮಗೇನ್ ಸಿಟ್ಟೋ ತಮ್ಮಾ? ಆ ವೇಷ ಒಂದ್ ಬ್ಯಾಡ ಅಷ್ಟ. ಮರುದಿನ ಏನರೆ ಕೊಡೂಣು" ಅಂದಳು.

ಮರುದಿನ ನವೆಂಬರ್ 1, ರಾಜ್ಯೋತ್ಸವ. ಗೋಕಾಕದ ಕರದಂಟು ತರಿಸಿಟ್ಟಿದ್ದೇನೆ. ಮಕ್ಕಳನ್ನು ಕಳಿಸಿ ಎಂದು ಗ್ರೂಪಿಗೂ ಹಾಕಿದ್ದೇನೆ. ಮನಸ್ಸಿದ್ದವರು ಕಳಿಸಲಿ, ಎಲ್ಲರೂ ಕಳಿಸಲೇಬೇಕು ಅಂತೇನಿಲ್ಲ.