ಬುತ್ತಿ ಕಟ್ಟುವ ಮುನ್ನ ಬೆಟ್ಟ ನೆನೆಯಿರಿ

ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದಾದರೂ ಭಾನುವಾರ ನಸುಕಿನಲ್ಲಿ ಕಲ್ಯಾಣ ಸ್ಟೇಷನ್ನಿಗೆ ಬಂದು ನೋಡಿ. ಕಸಾರಾ, ಕರ್ಜತ್ ಲೋಕಲ್‌ಗಳಿಗೆ ಕಾದು ನಿಂತವರ ಬೆನ್ನಿಗೆಲ್ಲ ದೊಡ್ಡ ಚೀಲ. ಠಾಣೆ, ಡೊಂಬಿವಲಿಯವರ ಜೊತೆಗೆ ವಾಶಿ, ಐರೋಲಿಯಿಂದ ಗಾಡಿ ಬದಲಿಸಿ ಬಂದವರೂ ಇರುತ್ತಾರೆ. ಆ ಗದ್ದಲದಲ್ಲಿ ಎಲ್ಲೋ ಒಂದು ಕಡೆ ಕನ್ನಡ ಕಿವಿಗೆ ಬೀಳುತ್ತದೆ. ಅದು ನಮ್ಮ ಗುಂಪೂ ಇರಬಹುದು. ವಿಜಯಪುರದ ನಾನು, ಉಡುಪಿಯ ಬ್ಯಾಂಕ್ ಉದ್ಯೋಗಿಯೊಬ್ಬರು, ಮಂಡ್ಯ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ.

ಚಾರಣಕ್ಕೆ ಹೊರಡುವವರು ಬೂಟಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ, ಊಟದ ವಿಚಾರ ಮಾತ್ರ ಹಿಂದಿನ ರಾತ್ರಿಗೆ ಬಿಡುತ್ತಾರೆ. ನಾನೂ ಹಾಗೇ ಇದ್ದೆ. ನನಗೆ ಬುದ್ಧಿ ಬಂದದ್ದು ಮಾಹುಲಿ ಗಡದಲ್ಲಿ.

ಆಸನಗಾಂವ್ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋದರೆ ಸಿಗುವ ಈ ಕೋಟೆ ಠಾಣೆ ಜಿಲ್ಲೆಯದು. ಅಕ್ಟೋಬರ್ ಬಿಸಿಲು. ನಸುಕಿಗೆ ಮನೆಯವರನ್ನು ಎಬ್ಬಿಸುವುದು ಬೇಡವೆಂದು ಹಿಂದಿನ ರಾತ್ರಿಯೇ ತೆಂಗಿನಕಾಯಿ ಹಾಕಿ ಚಿತ್ರಾನ್ನ ಕಲಸಿ, ಬಿಸಿಬಿಸಿಯಾಗಿಯೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಿದ್ದೆ. ಕಬ್ಬಿಣದ ಏಣಿ ಹತ್ತಿ ಮೇಲೆ ಸೇರಿ ಡಬ್ಬಿ ತೆಗೆದಾಗ ಸಣ್ಣ ಹುಳಿ ವಾಸನೆ. ನಿಂಬೆಹಣ್ಣಿನದಿರಬೇಕು ಎಂದುಕೊಂಡೆವು. ಇಳಿಯುವಾಗ ನಾನೂ ಮಂಡ್ಯದ ಹುಡುಗನೂ ವಾಂತಿ ಮಾಡಿಕೊಂಡೆವು. ಅವಲಕ್ಕಿ ತಿಂದಿದ್ದ ಉಡುಪಿಯವರಿಗೆ ಏನೂ ಆಗಲಿಲ್ಲ. ನೀರೂ ಮುಗಿದಿತ್ತು, ಹಳ್ಳ ಒಣಗಿತ್ತು. ಹುಡುಗ ಬಂಡೆಗೆ ಒರಗಿ, "ಅಣ್ಣ, ನೀವು ಹೋಗ್ತಾ ಇರಿ, ನಾನು ಆಮೇಲೆ ಬರ್ತೀನಿ" ಎಂದ. ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. ಎರಡು ತಾಸಿನ ಇಳಿಜಾರಿಗೆ ಐದು ತಾಸು ಹಿಡಿಯಿತು.

ತಪ್ಪು ಬೆಟ್ಟದ್ದಲ್ಲ, ನನ್ನ ಡಬ್ಬಿಯದ್ದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಅವು ಮತ್ತೆ ಬೆಳೆದು ವಿಷ ಬಿಡುತ್ತವೆ. ಆ ಅನ್ನವನ್ನು ಪುನಃ ಬಿಸಿ ಮಾಡಿದರೂ ವಾಂತಿ ತರಿಸುವ ವಿಷ ಹೋಗುವುದಿಲ್ಲ. ಹಸಿ ತೆಂಗಿನಕಾಯಿ ಸೇರಿದರೆ ಅನ್ನ ಇನ್ನೂ ಬೇಗ ಹಳಸುತ್ತದೆ.

ಆದ್ದರಿಂದ "ಮನೆ ಊಟವೇ ಒಳ್ಳೆಯದು" ಎಂದು ಕಣ್ಣುಮುಚ್ಚಿ ಹೇಳುವವರ ಜೊತೆ ನನ್ನ ಜಗಳವಿದೆ. ಬೆಟ್ಟಕ್ಕೆ ಒಗ್ಗುವ ಮನೆ ಊಟ ಬೇರೆಯೇ. ಅದು ಒಣಗಿರಬೇಕು, ಹಗುರವಿರಬೇಕು, ಒಲೆ ಬೇಡಬಾರದು. ನಮ್ಮ ಹಿರಿಯರು ಜಾತ್ರೆಗೆ, ದೂರದ ಸಂತೆಗೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ ಹೀಗೇ ಇತ್ತಲ್ಲ! ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು, ಬೆಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲೊರಿ, 25 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ತೂಕದ ಅನ್ನದಲ್ಲಿ 130 ಕ್ಯಾಲೊರಿ. ಉಳಿದದ್ದು ಹೆಚ್ಚುಪಾಲು ನೀರು. ಅನ್ನ ಹೊರುವವನು ನೀರನ್ನೇ ಹೊರುತ್ತಾನೆ, ಅದೂ ಕುಡಿಯಲಾಗದ ನೀರು. ಅಂಗಡಿಯ ಎನರ್ಜಿ ಬಾರ್ ಕೆಡುವುದಿಲ್ಲ ನಿಜ, ಆದರೆ ಶೇಂಗಾ ಉಂಡೆ ಮಾಡುವ ಕೆಲಸವನ್ನೇ ಅದು ಹೆಚ್ಚು ದುಡ್ಡಿಗೆ ಮಾಡುತ್ತದೆ, ಮೇಲೆ ಹೊದಿಕೆಯ ಕಸ ಬಿಡುತ್ತದೆ.

ಈಗ ನಮ್ಮ ಲೆಕ್ಕ ಸರಳ. ಬುತ್ತಿ ಶುಕ್ರವಾರವೇ ಸಿದ್ಧ, ನಸುಕಿಗೆ ಅಡುಗೆಮನೆಯ ದೀಪ ಹಚ್ಚುವ ಕೆಲಸವಿಲ್ಲ. ರೊಟ್ಟಿ ಪುಡಿಯಾಗದಂತೆ ಬಟ್ಟೆಯಲ್ಲಿ ಸುತ್ತಿ ಚೀಲದ ಬೆನ್ನಿನ ಕಡೆಗೆ ಇಡುತ್ತೇನೆ. ಮುರಿದರೂ ಚಿಂತೆಯಿಲ್ಲ, ಚಟ್ನಿಪುಡಿ, ಎಣ್ಣೆ ಕಲಸಿ ತಿಂದರಾಯಿತು. ತಲೆಗೆ ಮೂರು ಲೀಟರ್ ನೀರು. ಜೊತೆಗೆ ಸಕ್ಕರೆ, ಉಪ್ಪಿನ ಪೊಟ್ಟಣ. ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಷ್ಟು ಅಂದು ಚೀಲದಲ್ಲಿದ್ದಿದ್ದರೆ ಹುಡುಗ ಅಷ್ಟು ಸೊರಗುತ್ತಿರಲಿಲ್ಲ.

ಹಾಗೆಂದು ಎಲ್ಲ ಹೊತ್ತಿನ ಊಟವನ್ನೂ ಹೊರಬೇಕಿಲ್ಲ. 1646 ಮೀಟರ್ ಎತ್ತರದ ಕಳಸೂಬಾಯಿಗೆ ಬಾರಿ ಗ್ರಾಮದಿಂದ ಹತ್ತುತ್ತೇವೆ. ಹರಿಶ್ಚಂದ್ರಗಡಕ್ಕೆ ಪಾಚನೈಯಿಂದ. ಅಲ್ಲಿನ ಮನೆಗಳಲ್ಲಿ ಪಿಠಲೆ, ಭಾಕರಿ ಬಿಸಿಯಾಗಿ ಸಿಗುತ್ತದೆ. ಮುನ್ನಾದಿನ ಫೋನ್ ಮಾಡಿ ಎಷ್ಟು ಜನವೆಂದು ಹೇಳಿ, ಕೇಳಿದ ದುಡ್ಡು ಚೌಕಾಶಿಯಿಲ್ಲದೆ ಕೊಡಿ. ನಾವು ತುಳಿಯುವ ಬೆಟ್ಟ ಅವರದು, ನಮ್ಮಿಂದ ಅವರಿಗೆ ಕಸ ಮಾತ್ರ ಉಳಿಯಬಾರದು. ಪಿಠಲೆ ಎಂದರೆ ನಮ್ಮ ಜುಣಕದ ತಮ್ಮನೇ. ಅಂಥದೊಂದು ಮನೆಯಲ್ಲಿ ನಾಚಣಿ ಭಾಕರಿ ಮುರಿದ ಮಂಡ್ಯದ ಹುಡುಗ, "ಅಣ್ಣ, ಇದು ನಮ್ ರಾಗಿ ಅಲ್ವಾ!" ಎಂದು ಕುಣಿದಾಡಿದ. ಬಡಿಸುತ್ತಿದ್ದ ಅಜ್ಜಿಗೆ ಕನ್ನಡ ತಿಳಿಯದು, ಆದರೂ ಇನ್ನೊಂದು ಭಾಕರಿ ತಟ್ಟೆಗೆ ಬಿತ್ತು.

ಆ ಹುಡುಗ ಚಾರಣ ಬಿಟ್ಟಾನೆಂದು ನಾನು ಹೆದರಿದ್ದೆ. ಬಿಡಲಿಲ್ಲ. ಈಗ ದಸರೆಗೆ ಊರಿಗೆ ಹೋದಾಗಲೆಲ್ಲ ಅವ್ವನ ಕೈಯಲ್ಲಿ ರಾಗಿ ಹುರಿಹಿಟ್ಟು ಮಾಡಿಸಿಕೊಂಡು ಬರುತ್ತಾನೆ, ಒಂದು ಡಬ್ಬಿ ನನಗೂ. ಚಿತ್ರಾನ್ನ ಮಾತ್ರ ನಾವು ಡೊಂಬಿವಲಿಯ ನಮ್ಮ ಮನೆಯಲ್ಲೇ ಕೂತು ತಿನ್ನುತ್ತೇವೆ, ಬಿಸಿಬಿಸಿಯಾಗಿ.